ಕುರ್ಚಿ ಗವಸುಗಳ ಲೆಕ್ಕ

ಸಮೀಕ್ಷೆಯ ಹುಡುಗಿ ಮೊದಲ ಸಲ ಕುಶನ್ ಅಂಗಡಿಯ ಮುಂದೆ ಬಂದು ನಿಂತಾಗ ಮಾವ ಅವಳನ್ನು ವಿಮೆ ಮಾರುವವಳೆಂದುಕೊಂಡು ಬಾಗಿಲಿನಿಂದಲೇ ಸಾಗಹಾಕಿದರು. ಎರಡನೆಯ ಸಲ ಅವಳು ಬಂದಾಗ ಅವರು ಒಂದು ಸೋಫಾದ ಬೆನ್ನಿಗೆ ರೆಕ್ಸಿನ್ ಎಳೆದು ಹೊಡೆಯುತ್ತಿದ್ದರು; ಬಾಯ್ತುಂಬ ಮೊಳೆ ಇದ್ದುದರಿಂದ ಬೇಡ ಎನ್ನಲು ಆಗಲಿಲ್ಲ. ಅಷ್ಟರಲ್ಲಿ ಹುಡುಗಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು. ಒಂದು ಸಂಶೋಧನಾ ಸಂಸ್ಥೆಯವರು ಸಣ್ಣ ಅಂಗಡಿಗಳ ಹಣಕಾಸು ಹೇಗೆ ನಡೆಯುತ್ತದೆ, ಅಂಗಡಿ ನಡೆಸುವವರ ಮನೆಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ತಿಳಿದುಕೊಳ್ಳುತ್ತಿದ್ದಾರೆ. ಹನ್ನೆರಡು ವಾರ, ವಾರಕ್ಕೊಂದು ಸಲ ಬಂದು ಮನೆಯ ದೊಡ್ಡವರನ್ನೆಲ್ಲ ಬೇರೆಬೇರೆಯಾಗಿ ಕೂರಿಸಿಕೊಂಡು ಕೇಳುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವುದಿಲ್ಲ. ನಿಮ್ಮಂಥ ಅನುಭವಿ ಉದ್ಯಮಿಗಳು ಒಪ್ಪಿದರೆ ಮಾತ್ರ.

ಆ ಕೊನೆಯ ಮಾತು ಮಾವನಿಗೆ ಹಿಡಿಸಿಬಿಟ್ಟಿತು. ಮೂವತ್ತೈದು ವರ್ಷದಿಂದ ಬೀದಿಯವರು ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು, ಗಿರಾಕಿಗಳು ಕುಶನ್‌ನವನು ಎನ್ನುತ್ತಿದ್ದರು. ಉದ್ಯಮಿ ಎಂದು ಯಾರೂ ಕರೆದಿರಲಿಲ್ಲ. ಮೊಳೆಗಳನ್ನು ಅಂಗೈಗೆ ಉಗಿದುಕೊಂಡು, ಗುರುವಾರ ಮನೆಗೇ ಬಾ ತಾಯಿ ಎಂದು ದಾರಿ ಹೇಳಿಕೊಟ್ಟರು.

ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡಿನ ಮಾಡು ಇಳಿಸಿದ ಒಂದು ಚಾಚು. ಮಾವ, ಅತ್ತೆ, ಅವರ ಒಬ್ಬನೇ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು, ಒಟ್ಟು ಐದು ಜನ. ಅಪ್ಪ ಮಗ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದರು. ಶನಿವಾರ ಸಂಜೆ ಮಾವ ಕೈಕಾಲು ತೊಳೆದು, ಅಂಗಿಯ ಒಳಜೇಬಿನಿಂದ ಒಂದು ಲಕೋಟೆ ತೆಗೆದು ಎಲ್ಲರೆದುರಿಗೆ ಅತ್ತೆಯ ಕೈಗೆ ಕೊಡುತ್ತಿದ್ದರು. ಅದರಲ್ಲಿ ಮೂರು ಸಾವಿರ. ಸೊಸೆ ಈ ಮನೆಗೆ ಬಂದ ಹನ್ನೆರಡು ವರ್ಷದಲ್ಲಿ ಅವರು ಒಂದು ಶನಿವಾರವನ್ನೂ ತಪ್ಪಿಸಿದವರಲ್ಲ.

ಮೊದಲ ಗುರುವಾರ ಹುಡುಗಿ ಮಾವನನ್ನು ಒಬ್ಬರನ್ನೇ ಮುಂದಿನ ಕೋಣೆಯಲ್ಲಿ ಕೂರಿಸಿಕೊಂಡು ಬಾಗಿಲು ಹಾಕಿದಳು. ಆದರೆ ಮಾವನ ದನಿ ಬಾಗಿಲಿಗೆ ನಿಲ್ಲುವಂಥದ್ದಲ್ಲ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಸೊಸೆಗೆ ಪ್ರತಿಯೊಂದು ಮಾತೂ ಕೇಳಿಸಿತು. ವಾರಕ್ಕೆ ಮೂರು ಸಾವಿರ ಮನೆಗೆ ಕೊಡುತ್ತೇನೆ, ನನ್ನ ಹೆಂಡತಿ ಎಂಥ ಗಟ್ಟಿಗಿತ್ತಿ ಎಂದರೆ ಅದರಲ್ಲೇ ಮನೆ ನಡೆಸಿ ಉಳಿಸುತ್ತಾಳೆ, ವಾರದ ನಡುವೆ ಫೋಮು ತರಲು ನನ್ನ ಕೈಯಲ್ಲಿ ಹಣ ಸಾಲದಿದ್ದರೆ ಅವಳ ಡಬ್ಬಿಯಿಂದಲೇ ಕೊಡುತ್ತಾಳೆ, ಬ್ಯಾಂಕಿನವರ ಬಾಗಿಲು ತಟ್ಟಿದವನಲ್ಲ ನಾನು. ಹುಡುಗಿ ಪ್ರತಿ ವಾರ ಎಷ್ಟು ಸಲ ಹಾಗೆ ಕೇಳಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಳು. ಮಾವ ಸ್ವಲ್ಪ ಯೋಚಿಸಿ, ಸೋಮವಾರ ಒಂದು ಸಾವಿರ, ಬುಧವಾರ ಒಂದೂವರೆ ಅಂದುಕೋ ಎಂದರು. ಹುಡುಗಿ ಬರೆದುಕೊಂಡಳು. ಮುಂದಿನ ಪ್ರಶ್ನೆಗೆ ಹೋದಳು.

ಅತ್ತೆ ಒಲೆಯ ಮುಂದೆ ನಿಂತವರು ನಿಂತೇ ಇದ್ದರು. ಹಾಲು ಉಕ್ಕಿ ಕೆಳಗಿಳಿಯಿತು.

ಸೊಸೆಯ ಸರದಿ ಬಂದಾಗ ಹುಡುಗಿ ತಾನೇ ಎದ್ದು ಹಿಂದಿನ ಚಾಚಿಗೆ ಬಂದಳು. ನೀವು ಏನು ಕೆಲಸ ಮಾಡುತ್ತೀರಿ ಅಕ್ಕ ಎಂದು ಕೇಳಿದ್ದಕ್ಕೆ ಸೊಸೆ ರೂಢಿಯಂತೆ, ಏನಿಲ್ಲ, ಮನೆಯಲ್ಲೇ ಇರುತ್ತೇನೆ ಎಂದಳು. ಹುಡುಗಿ ಹೊಲಿಗೆ ಮಿಷನ್ನಿನ ಕಡೆ ನೋಡಿದಳು. ಅದರ ಎಡಕ್ಕೆ ಸೊಂಟದೆತ್ತರ ಬಿಳಿ ಕುರ್ಚಿ ಗವಸುಗಳ ರಾಶಿ, ಬಲಕ್ಕೆ ಹೊಲಿದು ಮಡಿಸಿ ಹತ್ತುಹತ್ತರಂತೆ ಕಟ್ಟಿಟ್ಟ ಗಂಟುಗಳು. ಸಭೆ ಸಮಾರಂಭಗಳಿಗೆ ಕುರ್ಚಿ ಬಾಡಿಗೆಗೆ ಕೊಡುವವನೊಬ್ಬ ಆ ಬೀದಿಯ ತುದಿಯಲ್ಲಿದ್ದ. ಅವನ ಪ್ಲಾಸ್ಟಿಕ್ ಕುರ್ಚಿಗಳಿಗೆ ಹಾಕುವ ಬಟ್ಟೆಯ ಗವಸುಗಳನ್ನು ಸೊಸೆ ನಾಲ್ಕು ವರ್ಷದಿಂದ ಹೊಲಿಯುತ್ತಿದ್ದಳು. ಹರಿದು ಬಂದದ್ದನ್ನು ರಿಪೇರಿಯೂ ಮಾಡುತ್ತಿದ್ದಳು.

"ಇದು?" ಎಂದಳು ಹುಡುಗಿ.

"ಬಿಡುವಿದ್ದಾಗ ಏನೋ ಹೊಲೀತೀನಿ."

"ಹೋದ ವಾರ ಎಷ್ಟು ಹೊಲಿದ್ರಿ?"

ಹೊಸವು ನೂರಿಪ್ಪತ್ತು, ರಿಪೇರಿ ನೂರೈವತ್ತು. ಹೊಸದಕ್ಕೆ ಇಪ್ಪತ್ತೈದು, ರಿಪೇರಿಗೆ ಎಂಟು. ನೂಲು, ಎಲಾಸ್ಟಿಕ್‌ಗೆ ನಾನೂರು ಹೋಗುತ್ತದೆ. ಹುಡುಗಿ ಮುಂದೆ ಹಿಡಿದಿದ್ದ ಹಲಗೆಯಂಥ ಫೋನಿನ ಮೇಲೆ ಬೆರಳಾಡಿಸಿ, ಮೂರು ಸಾವಿರದ ಎಂಟುನೂರು ಎಂದು ಓದಿದಳು. ಅದರಲ್ಲಿ ಮೂರೂವರೆ ಸಾವಿರವನ್ನು ವಾರವಾರ ಅತ್ತೆಯ ಕೈಗೆ ಕೊಡುತ್ತೇನೆ ಎಂದು ಸೊಸೆ ಹೇಳಿದಳು. ಎರಡು ವರ್ಷದಿಂದ ಕೈಯಿಂದ ಕೈಗೆ ಹೋಗುತ್ತಿದ್ದ ಹಣ ಇದು. ಅದನ್ನು ಕೂಡಿಸಿ ಒಂದು ಮೊತ್ತವಾಗಿ ಯಾರ ಬಾಯಿಂದಲೂ ಅವಳು ಕೇಳಿರಲಿಲ್ಲ, ತನ್ನ ಬಾಯಿಂದ ಕೂಡ.

ಇಲ್ಲಿ ನಡೆಯುತ್ತಿದ್ದದ್ದು ಇಷ್ಟೆ. ಜನ ಹಳೇ ಸೋಫಾಗಳಿಗೆ ಹೊಸ ತುಂಬಣಿಕೆ ಹಾಕಿಸುವುದನ್ನು ಬಿಟ್ಟು, ಕಂತಿನ ಮೇಲೆ ಹೊಸ ಸೋಫಾ ತರತೊಡಗಿ ವರ್ಷಗಳೇ ಆಗಿದ್ದವು. ಅಂಗಡಿಯ ಬಾಡಿಗೆ ಎರಡು ಸಲ ಏರಿತ್ತು. ಮಾವ ಶನಿವಾರ ಕೊಟ್ಟ ಮೂರು ಸಾವಿರದಲ್ಲಿ ಎರಡೂವರೆ ಸಾವಿರ ಬುಧವಾರದೊಳಗೆ ಅಂಗಡಿಗೇ ವಾಪಸು ಹೋಗುತ್ತಿತ್ತು. ಮನೆಗೆ ಉಳಿಯುತ್ತಿದ್ದುದು ಐನೂರು. ಐದು ಜನರ ಊಟ, ಗ್ಯಾಸು, ಕರೆಂಟು, ಶಾಲೆ, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಸೇರಿ ವಾರಕ್ಕೆ ನಾಲ್ಕು ಸಾವಿರದ ಖರ್ಚು. ನಡುವಿನ ಕಂದಕವನ್ನು ಕುರ್ಚಿ ಗವಸುಗಳು ಮುಚ್ಚುತ್ತಿದ್ದವು. ಮಾವನಿಗೆ ಇದು ಗೊತ್ತಿರಲಿಲ್ಲ; ಸೊಸೆ ಬಿಡುವಿನಲ್ಲಿ ಏನೋ ಹೊಲಿಯುತ್ತಾಳೆ ಎಂದಷ್ಟೇ ತಿಳಿದಿದ್ದರು. ಅತ್ತೆ, ಸೊಸೆಗೆ ಗೊತ್ತಿತ್ತು, ಆದರೆ ಅವರಿಬ್ಬರೂ ಒಂದು ದಿನವೂ ಇದರ ಬಗ್ಗೆ ಮಾತಾಡಿರಲಿಲ್ಲ. ಸೊಸೆ ಹಣವನ್ನು ಡಬ್ಬಿಯ ಪಕ್ಕ ಇಡುತ್ತಿದ್ದಳು. ಅತ್ತೆ ಎತ್ತಿಕೊಳ್ಳುತ್ತಿದ್ದರು.

ಆ ರಾತ್ರಿ ಅತ್ತೆ ಪಾತ್ರೆ ತೊಳೆಯುತ್ತ, ಮುಖ ತಿರುಗಿಸದೆ ಕೇಳಿದರು.

"ಆ ಹುಡುಗಿಗೆ ಏನಂದೆ?"

"ಕೇಳಿದ್ದಕ್ಕೆ ಹೇಳಿದೆ ಅತ್ತೆ. ನೀವೇನಂದ್ರಿ?"

"ಉಳಿಸ್ತೀನಿ ಅಂದೆ. ಯಾವುದರಲ್ಲಿ ಉಳಿಸ್ತೀರಿ ಅಂತ ಮೂರು ಸಲ ಕೇಳಿದಳು. ನನ್ನ ಮನೆಗೆ ಬಂದು ನನ್ನನ್ನೇ ಕಳ್ಳಿ ಥರ ಕೇಳ್ತಾಳೆ." ಅತ್ತೆ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟರು. "ಮುಂದಿನ ವಾರದಿಂದ ಬರೋದು ಬೇಡ ಅನ್ನು."

ಬೇಡ ಎನ್ನಲು ಸೊಸೆ ಯಾರು? ಕರೆದವರು ಮಾವ. ಅವರಂತೂ ಗುರುವಾರವನ್ನು ಕಾಯತೊಡಗಿದ್ದರು. ಒಗೆದ ಅಂಗಿ ಹಾಕಿಕೊಂಡು ಅಂಗಡಿಯಿಂದ ಅರ್ಧ ಗಂಟೆ ಬೇಗ ಬರುತ್ತಿದ್ದರು. ಸಂಸ್ಥೆಯವರು ನನ್ನ ಲೆಕ್ಕವನ್ನು ಪುಸ್ತಕದಲ್ಲಿ ಹಾಕುತ್ತಾರಂತೆ ಎಂದು ಪಕ್ಕದ ಬೀಗದ ಕೈ ಮಾಡುವವನಿಗೂ, ಎದುರಿನ ಔಷಧಿ ಅಂಗಡಿಯವನಿಗೂ ಹೇಳಿ ಬಂದಿದ್ದರು.

ನಾಲ್ಕನೆಯ ವಾರ ಹುಡುಗಿ ಹೊರಡುವಾಗ ಒಂದು ಮಾತು ಹೇಳಿದಳು. ಹನ್ನೆರಡನೆಯ ವಾರದಲ್ಲಿ ಇಡೀ ಮನೆಯ ಆದಾಯ, ಖರ್ಚು, ಅಂಗಡಿಗೆ ಹೋದದ್ದು, ಅಂಗಡಿಯಿಂದ ಬಂದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಮನೆಯ ಯಜಮಾನರಿಗೆ ಕೊಡುತ್ತಾರಂತೆ. ಸೊಸೆ ಗೇಟಿನ ತನಕ ಹಿಂದೆಯೇ ಹೋಗಿ, ಆ ಹಾಳೆಯಲ್ಲಿ ತನ್ನ ಹೊಲಿಗೆಯನ್ನು ಸೇರಿಸದೆ ಇರಲಾಗುತ್ತದೆಯೇ ಎಂದು ಕೇಳಿದಳು. ಹುಡುಗಿ ನಿಂತು ಯೋಚಿಸಿದಳು. ಯಾರು ತಂದರು ಎಂದು ಹೆಸರು ಇರುವುದಿಲ್ಲ ಅಕ್ಕ, ಆದರೆ ಮೊತ್ತ ಬಂದೇ ಬರುತ್ತದೆ, ಅದನ್ನು ಬಿಟ್ಟರೆ ಸುಳ್ಳಾಗುತ್ತದೆ ಎಂದಳು. ಅವಳಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಚಪ್ಪಲಿಯ ಬಾರು ಕಿತ್ತಿದ್ದನ್ನು ಪಿನ್ನು ಹಾಕಿ ಕೂಡಿಸಿಕೊಂಡಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ಸೊಸೆಗೆ ಆಗಲಿಲ್ಲ.

ಅಲ್ಲಿಂದ ಮುಂದೆ ಸೊಸೆಗೆ ಒಂದೊಂದು ವಾರವೂ ಕತ್ತಿಗೆ ಒಂದೊಂದು ಸುತ್ತು ಹಗ್ಗ ಬಿಗಿದಂತಾಯಿತು. ಆದರೆ ಏಟು ಬಂದದ್ದು ಬೇರೆ ಕಡೆಯಿಂದ.

ಬೀಗದ ಕೈಯವನು ಅಂಗಡಿ ಖಾಲಿ ಮಾಡಿದ. ಖಾಲಿಯಾದ ಮಳಿಗೆಯನ್ನೂ ನೀವೇ ಹಿಡಿಯಿರಿ, ನಡುವಿನ ಗೋಡೆ ಒಡೆದು ದೊಡ್ಡದು ಮಾಡಿಕೊಳ್ಳಿ ಎಂದು ಕಟ್ಟಡದ ಮಾಲೀಕ ಮಾವನ ಕಿವಿಯೂದಿದ. ಸೊಸೆಯ ಗಂಡನಿಗೂ ಅದು ಬಹಳ ದಿನದ ಆಸೆ. ಮುಂದೆ ಗಾಜು ಹಾಕಿಸಬೇಕು, ಒಂದು ಭಾರೀ ಮಿಷನ್ ತರಬೇಕು, ಸಿದ್ಧ ಸೋಫಾ ಇಟ್ಟು ಮಾರಬೇಕು. ಫೈನಾನ್ಸಿನವನೊಬ್ಬ ಚೀಲ ಹಿಡಿದು ಎರಡು ಸಲ ಮನೆಗೆ ಬಂದ. ನಾಲ್ಕು ಲಕ್ಷ ಕೊಡುತ್ತಾರೆ, ಮನೆಯ ಪತ್ರ ಅಡವಿಡಬೇಕು. ಮನೆ ಅತ್ತೆ ಮಾವ ಇಬ್ಬರ ಹೆಸರಿನಲ್ಲಿದ್ದುದರಿಂದ ಇಬ್ಬರ ಸಹಿಯೂ ಬೇಕು. ಕಂತು ಕಟ್ಟಲು ಆಗುತ್ತದೆಯೇ ಎಂದು ಫೈನಾನ್ಸಿನವನು ಮಾತಿಗೆ ಕೇಳಿದಾಗ ಮಾವ ನಕ್ಕರು. ಮೂರು ಸಾವಿರದಲ್ಲಿ ಐದು ಜನರನ್ನು ಸಾಕಿ ಎರಡೂವರೆ ಉಳಿಸುವ ಮನೆಯಪ್ಪ ಇದು, ಬೇಕಾದರೆ ಆ ಸಂಸ್ಥೆಯ ಹುಡುಗಿಯನ್ನೇ ಕೇಳು ಎಂದರು. ಸಹಿ ಹಾಕುವುದು ಒಂಬತ್ತನೆಯ ವಾರ ಮುಗಿದ ಸೋಮವಾರ ಎಂದು ನಿಗದಿಯಾಯಿತು.

ಸೊಸೆ ಮೊದಲು ಅತ್ತೆಯ ಹತ್ತಿರ ಹೋದಳು. ನೀವು ಸಹಿ ಹಾಕದಿದ್ದರೆ ಸಾಕು, ಅವರಿಗೆ ಏನೂ ಹೇಳುವುದು ಬೇಡ, ಮನೆ ಅಡವಿಡುವುದು ನನಗೆ ಇಷ್ಟವಿಲ್ಲ ಅನ್ನಿ ಎಂದಳು. ಅತ್ತೆ ಅಕ್ಕಿಯ ಮೊರ ಕೆಳಗಿಟ್ಟರು.

"ಮೂವತ್ತೈದು ವರ್ಷ ಅವರು ತಲೆ ಎತ್ಕೊಂಡು ಓಡಾಡಿದ್ದಾರೆ. ನಾನು ಯಾವತ್ತೂ ಅವರ ಮಾತಿಗೆ ಅಡ್ಡ ಬಂದಿಲ್ಲ. ಈಗ ಯಾಕೆ ಅಂತ ಕೇಳಿದ್ರೆ ಏನು ಹೇಳ್ಲಿ?"

"ಕಂತು ಎಲ್ಲಿಂದ ಕಟ್ತಾರೆ ಅತ್ತೆ?"

"ನೀನು ಇನ್ನೊಂದಿಷ್ಟು ಹೊಲಿ."

ಅತ್ತೆ ಅದನ್ನು ಕೆಟ್ಟದ್ದಕ್ಕೆ ಹೇಳಲಿಲ್ಲ. ಹೇಳಿದ ಮೇಲೆ ಅವರ ಕಣ್ಣು ತೇವವಾಗಿತ್ತು. ಆದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಸೊಸೆ ಮಿಷನ್ ತುಳಿಯುತ್ತಿದ್ದಳು. ಇನ್ನೊಂದಿಷ್ಟು ಎಂದರೆ ಯಾವ ಹೊತ್ತಿನಲ್ಲಿ?

ಒಂಬತ್ತನೆಯ ಗುರುವಾರ ಅವಳು ಹುಡುಗಿಯನ್ನು ಕೇಳಿದ ಪ್ರಶ್ನೆ ಮೊದಲಿನದಕ್ಕೆ ಪೂರಾ ಉಲ್ಟಾ ಇತ್ತು. ಆ ಹಾಳೆಯನ್ನು ಈ ವಾರವೇ ಕೊಡಲು ಬರುತ್ತದೆಯೇ ಎಂದಳು. ನೀವು ಕೊಟ್ಟರೆ ಅವರು ನಂಬುತ್ತಾರೆ, ನಾನು ಹೇಳಿದರೆ ನಂಬುವುದಿಲ್ಲ. ಹುಡುಗಿ ತುಟಿ ಕಚ್ಚಿಕೊಂಡಳು. ಹನ್ನೆರಡು ವಾರ ಆಗದೆ ಕಚೇರಿಯವರು ಅಚ್ಚು ಮಾಡುವುದಿಲ್ಲ, ನಾನು ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಇನ್ನೂರು ಮನೆಗಳವರು ನನ್ನನ್ನು ನಂಬಿ ಹೇಳಿದ್ದಾರೆ ಎಂದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡವಳು ತಿರುಗಿ ನಿಂತು ಮೆಲ್ಲಗೆ ಹೇಳಿದಳು.

"ನಿಮ್ಮ ಲೆಕ್ಕ ನಿಮಗೆ ಬಾಯಿಪಾಠ ಇದೆಯಲ್ಲ ಅಕ್ಕ."

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಅಂದು ಮಾವ ಒಳ್ಳೆಯ ಹುರುಪಿನಲ್ಲಿದ್ದರು. ಹೊಸ ಮಳಿಗೆಯ ಗೋಡೆಗೆ ಯಾವ ಬಣ್ಣ ಎಂದು ಮೊಮ್ಮಗಳನ್ನು ಕೇಳಿ, ಅವಳು ಹಳದಿ ಎಂದಾಗ, ಹಳದಿ ಎಂದರೆ ಹಳದಿ ಎಂದು ತೀರ್ಪು ಕೊಟ್ಟರು. ಅತ್ತೆ ಬಡಿಸುತ್ತಿದ್ದರು. ಗಂಡ ನಾಳೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಕೇಳಿದ. ಸೊಸೆ ಮಗಳ ಊಟ ಮುಗಿಯುವ ತನಕ ಕಾದು, ಹೊರಗೆ ಆಡಿಕೋ ಹೋಗು ಎಂದು ಕಳಿಸಿದಳು. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಬಾಯಿ ತೆರೆದಳು.

"ಮಾವ, ನಾಳೆ ಆ ಸಹಿ ಹಾಕ್ಬೇಡಿ."

ಮಾವನಿಗೆ ಮೊದಲು ಕೇಳಿಸಲೇ ಇಲ್ಲ. ಗಂಡನಿಗೆ ಕೇಳಿಸಿತು. ನಿನಗ್ಯಾಕೆ ಈ ವಿಷಯ ಎಂದ.

"ನೀವು ಶನಿವಾರ ಮೂರು ಸಾವಿರ ಕೊಡ್ತೀರಿ ಮಾವ. ಸೋಮವಾರ ಒಂದು, ಬುಧವಾರ ಒಂದೂವರೆ ವಾಪಸ್ ತಗೋತೀರಿ. ಉಳಿದ ಐನೂರಲ್ಲಿ ನಾವು ಐದು ಜನ ಹೇಗೆ ಉಣ್ತಿದ್ದೀವಿ?"

ಮಾವನ ಕೈ ತಟ್ಟೆಯ ಮೇಲೆ ನಿಂತಿತು. ಅದೆಲ್ಲ ನಿಮ್ಮತ್ತೆ ನೋಡಿಕೊಳ್ಳುತ್ತಾಳೆ ಎಂದರು. ಹೇಳುತ್ತಿದ್ದಂತೆಯೇ ಆ ಮಾತು ಅವರಿಗೇ ಪೊಳ್ಳಾಗಿ ಕೇಳಿಸಿರಬೇಕು, ದನಿ ನಡುವೆಯೇ ಇಳಿಯಿತು. ಅವರು ಮೂವತ್ತೈದು ವರ್ಷ ಬಟ್ಟೆಯನ್ನು ಅಳೆದವರು. ಮೂರರಲ್ಲಿ ಎರಡೂವರೆ ಕಳೆಯುವುದು ಅವರಿಗೆ ಕಷ್ಟದ ಲೆಕ್ಕವಾಗಿರಲಿಲ್ಲ. ಕಳೆದು ನೋಡಿರಲಿಲ್ಲ, ಅಷ್ಟೆ. ಅವರು ಹೆಂಡತಿಯ ಕಡೆ ತಿರುಗಿದರು.

"ಏನೇ ಇದು?"

ಅತ್ತೆ ಸೌಟನ್ನು ಕೈಯಲ್ಲೇ ಹಿಡಿದು ನಿಂತಿದ್ದರು.

"ಕೇಳ್ತಿದ್ದೀನಿ. ಎಲ್ಲಿಂದ ಬರ್ತಿತ್ತು ಹಣ?"

"ಅವಳ ಹೊಲಿಗೇದು," ಎಂದರು ಅತ್ತೆ. "ಎರಡು ವರ್ಷ ಆಯ್ತು."

ಮಾವ ಎದ್ದು ಕೈ ತೊಳೆದುಕೊಂಡರು. ತಟ್ಟೆಯಲ್ಲಿ ಅರ್ಧ ಊಟ ಹಾಗೆಯೇ ಇತ್ತು. ಹೊರಗಿನ ಮೆಟ್ಟಿಲ ಮೇಲೆ ಹೋಗಿ ಬೀದಿಗೆ ಮುಖ ಮಾಡಿ ಕುಳಿತರು. ಒಳಗೆ ಗಂಡ ಸೊಸೆಯ ಮೇಲೆ ಹರಿಹಾಯ್ದ. ಊಟದ ಹೊತ್ತಿನಲ್ಲಿ, ಆ ವಯಸ್ಸಿನವರ ಮುಖಕ್ಕೆ ಹೊಡೆದ ಹಾಗೆ ಹೇಳಿದೆಯಲ್ಲ ಎಂದ. ಆಮೇಲೆ ಇನ್ನೊಂದು ಮಾತೂ ಅವನ ಬಾಯಿಂದ ಬಂತು: ಆ ಮಿಷನ್ ಅಂಗಡಿಯ ಹಳೇ ಮಿಷನ್ ತಾನೆ, ನೀನು ಕಲಿತದ್ದೂ ಅಪ್ಪನ ಹತ್ತಿರವೇ ತಾನೆ, ಅಂದಮೇಲೆ ಅದೂ ಅಂಗಡಿಯ ದುಡ್ಡೇ.

"ಹಾಗಿದ್ರೆ ಅಂಗಡಿಯವರು ಬಂದು ತುಳೀಲಿ," ಎಂದಳು ಸೊಸೆ. "ನನ್ನ ಮಂಡಿಚಿಪ್ಪೂ ಅಂಗಡಿದೇನಾ?"

ಸೋಮವಾರ ಯಾರೂ ಸಹಿ ಹಾಕಲು ಹೋಗಲಿಲ್ಲ. ಫೈನಾನ್ಸಿನವನು ಮನೆಗೆ ಹುಡುಕಿಕೊಂಡು ಬಂದಾಗ ಮಾವ, ಪತ್ರದಲ್ಲಿ ಏನೋ ತಿದ್ದುಪಡಿ ಇದೆ, ಮುಂದಿನ ತಿಂಗಳು ನೋಡೋಣ ಎಂದು ಕಳಿಸಿದರು. ಸೊಸೆಯೊಂದಿಗೆ ಅವರು ಮಾತು ಬಿಟ್ಟರು. ಅತ್ತೆಯೊಂದಿಗೂ ಬಿಟ್ಟರು. ಬೆಳಿಗ್ಗೆ ಆರಕ್ಕೇ ಅಂಗಡಿಗೆ ಹೋಗತೊಡಗಿದರು. ಆ ವಾರ ಡಬ್ಬಿಯಿಂದ ಒಂದು ಕಾಸೂ ಕೇಳಲಿಲ್ಲ. ಶನಿವಾರ ಲಕೋಟೆ ತಂದು ಎಂದಿನಂತೆ ಕೊಟ್ಟರು, ಮೂರು ಸಾವಿರವೇ ಇತ್ತು. ಅತ್ತೆಯ ಮುಖ ಅರಳಿತು. ಆದರೆ ಹಣ ಎಲ್ಲಿಂದ ಬಂತೆಂದು ಸೊಸೆಯ ಗಂಡನಿಗೆ ಗೊತ್ತಿತ್ತು. ಅಂಗಡಿಯಲ್ಲಿದ್ದ ಇಡೀ ಒಂದು ಸುರುಳಿ ರೆಕ್ಸಿನ್ನನ್ನು ಅಪ್ಪ ತಂದ ಬೆಲೆಗಿಂತ ಕಡಿಮೆಗೆ ಮಾರಿದ್ದರು. ಮುಂದಿನ ವಾರ ಫೋಮ್ ಇರಲಿಲ್ಲ. ಬಂದ ಎರಡು ಕೆಲಸಕ್ಕೆ ಮುಂಗಡ ಕೇಳಿದರೆ ಗಿರಾಕಿಗಳು ಹೊರಟೇ ಹೋದರು. ಆ ಶನಿವಾರ ಲಕೋಟೆಯಲ್ಲಿ ಸಾವಿರದ ನೂರು ಇತ್ತು. ಮಾವ ಅದನ್ನು ಅತ್ತೆಯ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ಇಷ್ಟೇ ಎಂದರು. ಎರಡು ವಾರದಲ್ಲಿ ಹೆಂಡತಿಯೊಂದಿಗೆ ಆಡಿದ ಮೊದಲ ಮಾತು ಅದು.

ಗಂಡನೂ ಅಷ್ಟೂ ದಿನ ಮುಖ ಊದಿಸಿಕೊಂಡೇ ಇದ್ದ. ಒಂದು ಸಂಜೆ ಅಂಗಡಿಯಿಂದ ಬೇಗ ಎದ್ದು ಹಿಂದಿನ ಚಾಚಿಗೆ ಬಂದು, ಗವಸಿನ ಗಂಟಿನ ಮೇಲೆ ಕುಳಿತು, ಸ್ವಲ್ಪ ಹೊತ್ತು ಮಿಷನ್ ತಿರುಗುವುದನ್ನು ನೋಡಿದ. ಆಮೇಲೆ, ನನಗೆ ಗೊತ್ತಿತ್ತು ಎಂದ. ಸೊಸೆ ಕಾಲು ನಿಲ್ಲಿಸಿದಳು.

"ಏನು ಗೊತ್ತಿತ್ತು?"

"ಹೋದ ವರ್ಷ ಮಗಳಿಗೆ ಶೂ ತಂದೆಯಲ್ಲ. ಅವತ್ತು ಅಂಗಡೀಲಿ ಚಹಾಕ್ಕೂ ದುಡ್ಡಿರ್ಲಿಲ್ಲ. ಅವತ್ತೇ ಅಂದ್ಕೊಂಡೆ."

"ಗೊತ್ತಿದ್ದೂ ಮನೆ ಅಡವಿಡೋಕೆ ಹೊರಟಿದ್ರಾ?"

ದೊಡ್ಡದು ಮಾಡಿದರೆ ಎದ್ದು ನಿಲ್ಲುತ್ತದೆ ಅಂದುಕೊಂಡೆ, ಎದ್ದು ನಿಂತ ಮೇಲೆ ನೀನು ಹೊಲಿಯುವುದೇ ಬೇಡ ಅನ್ನುತ್ತಿದ್ದೆ ಎಂದು ಅವನು ತೊದಲಿದ. ಭಾನುವಾರದ ಬೈಗುಳಕ್ಕಿಂತ ಈ ಮಾತು ಅವಳನ್ನು ಹೆಚ್ಚು ಸುಟ್ಟಿತು. ಅಂದು ಊಟದ ಮುಂದೆ ಅವಳು ಒಬ್ಬಳೇ ಬಾಯಿಬಿಟ್ಟು ಕೆಟ್ಟವಳಾದಾಗ, ಗೊತ್ತಿದ್ದೂ ಅವನು ಅವಳನ್ನೇ ಎದುರು ಹಾಕಿಕೊಂಡು ಕಿರುಚಿದ್ದ. ಏಳಿ, ಆ ಗಂಟು ಎಣಿಸಿ ಕೊಡಬೇಕು ಎಂದಳು. ಅವನು ಎದ್ದ. ಮರುದಿನ ಬಸ್ ಡಿಪೋಗೆ ಹೋಗಿ, ಸೀಟು ಹೊಲಿಯುವ ವಿಭಾಗದಲ್ಲಿ ಕೆಲಸವಿದೆಯೇ ಎಂದು ವಿಚಾರಿಸಿ ಬಂದ. ವಾರದೊಳಗೆ ಕರೆ ಬಂತು. ತಿಂಗಳ ಸಂಬಳ, ಬೆಳಿಗ್ಗೆ ಏಳರಿಂದ ಮೂರರ ತನಕ. ಅಪ್ಪನಿಗೆ ಹೇಳಲು ಧೈರ್ಯ ಸಾಲದೆ ಅಮ್ಮನ ಬಾಯಿಂದ ಹೇಳಿಸಿದ. ಮಾವ ಕೇಳಿಸಿಕೊಂಡು, ಡಿಪೋದವರು ಒಳ್ಳೇ ದಾರ ಕೊಡುತ್ತಾರೆ ಎಂದಷ್ಟೇ ಹೇಳಿದರು.

ಹನ್ನೆರಡನೆಯ ಗುರುವಾರ ಹುಡುಗಿ ಹಾಳೆ ತಂದಳು. ಮಾವ ಕನ್ನಡಕ ಹಾಕಿಕೊಂಡು ಅದನ್ನು ಮೇಲಿಂದ ಕೆಳಗೆ ಓದಿದರು. ಮೊದಲ ಸಲ ಅವರ ದನಿ ಬಾಗಿಲಾಚೆ ಬರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹುಡುಗಿ ಹೊರಗೆ ಬಂದು, ಮಾವನ ಒಪ್ಪಿಗೆ ಕೇಳಿಕೊಂಡೇ ಸೊಸೆಗೆ ಹೇಳಿದ್ದು ಇಷ್ಟು: ಅಂಗಡಿಯ ನಷ್ಟದ ಸಾಲಿನಲ್ಲಿ ಎರಡು ತಿಂಗಳ ಕರೆಂಟು ಬಿಲ್ಲು ಬಿಟ್ಟುಹೋಗಿದೆ, ಅದನ್ನೂ ಹಾಕಿಕೋ ತಾಯಿ, ಬರೆಯುವುದಾದರೆ ಸರಿಯಾಗಿ ಬರಿ ಎಂದು ಅವರೇ ಬಿಲ್ಲು ತೆಗೆದುಕೊಟ್ಟರಂತೆ. ಹುಡುಗಿ ಎಲ್ಲರಿಗೂ ನಮಸ್ಕಾರ ಹೇಳಿ ಹೊರಟಳು. ಅವಳಿಗೆ ಚಹಾ ಮಾಡಿಕೊಟ್ಟದ್ದು ಅತ್ತೆಯೇ.

ತಿಂಗಳ ಕೊನೆಗೆ ಮಾವ ಅಂಗಡಿ ಖಾಲಿ ಮಾಡಿದರು. ಮಾಲೀಕನಿಂದ ಮುಂಗಡ ವಾಪಸು ಪಡೆದು, ಫೋಮಿನವನ ಬಾಕಿ ತೀರಿಸಿ, ಉಳಿದದ್ದನ್ನು ಅತ್ತೆಯ ಹೆಸರಿಗೆ ಹಾಕಿದರು. ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಬಂತು. ಅದಾದ ಮೇಲೆ ಅವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಂಗಿ ಹಾಕಿಕೊಂಡು, ಹೋಗಲು ಜಾಗವಿಲ್ಲದೆ ಮುಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಊಟಕ್ಕೆ ಕರೆದರೆ ಎರಡು ಸಲ ಕರೆದ ಮೇಲೆ ಬರುತ್ತಿದ್ದರು. ಎರಡನೇ ಸಲ ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಅತ್ತೆ ಅಡುಗೆಮನೆಗೆ ಬಂದು, ನೀನು ಅವತ್ತು ಸುಮ್ಮನಿದ್ದಿದ್ದರೆ ಎಂದು ಶುರುಮಾಡಿ, ಮುಂದಿನದನ್ನು ನುಂಗಿಕೊಂಡು ವಾಪಸು ಹೋಗುತ್ತಿದ್ದರು. ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಸೊಸೆ ಒಂದು ದಿನವೂ ತಿರುಗಿ ಕೇಳಲಿಲ್ಲ. ಅವಳೂ ಅದನ್ನೇ ನೂರು ಸಲ ಯೋಚಿಸಿದ್ದಳು.

ಗವಸು ಒಪ್ಪಿಸಲು ಹೋದ ಒಂದು ದಿನ, ಕುರ್ಚಿ ಬಾಡಿಗೆಯವನ ಗೋದಾಮಿನ ಮೂಲೆಯಲ್ಲಿ ಅವಳು ಒಂದು ಸಾಲು ಸೋಫಾಗಳನ್ನು ಕಂಡಳು. ವೇದಿಕೆಯ ಮೇಲೆ ದೊಡ್ಡವರು ಕೂರಲು ಇಡುವಂಥವು, ಇಪ್ಪತ್ತಾರು. ಸ್ಪ್ರಿಂಗು ಕುಸಿದು, ಬಟ್ಟೆ ಹರಿದು, ಕೂತವರು ಏಳಲಾರದ ಸ್ಥಿತಿಯಲ್ಲಿದ್ದವು. ಇವನ್ನು ಗುಜರಿಗೆ ಹಾಕಿ ಹೊಸದು ತರುತ್ತೇನೆ ಎಂದ ಅವನು. ಒಂದೊಂದನ್ನೂ ಹೊಸ ಸೋಫಾದ ಬೆಲೆಯ ಮೂರನೇ ಒಂದು ಪಾಲಿಗೆ ಸರಿಮಾಡಿಸಿಕೊಡುತ್ತೇನೆ, ಬಟ್ಟೆ ನಿಮ್ಮದು, ಸಾಮಾನು ನನ್ನದು, ಮುಂಗಡ ಬೇಕು ಎಂದು ಸೊಸೆ ಹೇಳಿದಳು. ಯಾರ ಕೈಲಿ ಮಾಡಿಸುತ್ತೀಯಮ್ಮ ಎಂದು ಅವನು ಕೇಳಿದ. ನನ್ನ ಹತ್ತಿರ ಜನ ಇದ್ದಾರೆ ಎಂದಳು.

ಮೊದಲ ಎರಡು ಸೋಫಾ ಬಂದು ಹಿಂದಿನ ಚಾಚಿನ ಮುಂದೆ ಇಳಿದವು. ಮಾವ ಕೋಣೆಯಿಂದಲೇ ನೋಡಿದರು. ಸ್ವಲ್ಪ ಹೊತ್ತಿಗೆ ಎದ್ದು ಬಂದು ಒಂದನ್ನು ಮಗುಚಿ, ಸ್ಪ್ರಿಂಗುಗಳನ್ನು ಹೊರುವ ಹೊಟ್ಟೆಯ ಪಟ್ಟಿ ಒತ್ತಿ, ಚೌಕಟ್ಟಿಗೆ ಬೆರಳು ತಟ್ಟಿದರು. ಮರ ಗಟ್ಟಿ ಇದೆ, ಹಾಳು ಮಾಡಿದ್ದು ತುಂಬಿದವನು ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಸೊಸೆಯ ಕಡೆ ನೋಡದೆ ಕೇಳಿದರು.

"ಒಂದಕ್ಕೆ ಕೂಲಿ ಎಷ್ಟು ಕೊಡ್ತೀಯ?"

ಮನೆಯ ದುಡಿಮೆ ಮಾವ, ನಿಮಗೆಂಥ ಕೂಲಿ ಎಂದು ಹೇಳಲು ಸೊಸೆ ನಾಲಗೆ ಎತ್ತಿದಳು. ಆದರೆ ಅವರ ನಿಲುವು ಕಂಡು ತಡೆದಳು. ಗಿರಾಕಿಯ ಮುಂದೆ ನಿಲ್ಲುವ ಹಾಗೆ ಅವರು ನೇರವಾಗಿ ನಿಂತಿದ್ದರು. ನಿಮಗೆ ಕೂಲಿ ಬೇಡ ಎಂದರೆ ಅದು ಮತ್ತೆ ಬಾಯಿಬಿಡದೆ ಆ ಡಬ್ಬಿಯ ಪಕ್ಕ ಹಣ ಇಟ್ಟ ಹಾಗೆಯೇ ಆಗುತ್ತಿತ್ತು.

"ನಾನೂರೈವತ್ತು," ಎಂದಳು.

"ಹೊರಗೆ ಆರುನೂರು ಇದೆ."

"ಹೊರಗೆ ಆರುನೂರು ಕೊಡೋರು ಯಾರಿದ್ದಾರೆ ಮಾವ?"

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಕಂಡು ಮರೆಯಾಯಿತು. ಮಾವ ಅವಳನ್ನು ದಿಟ್ಟಿಸಿದರು, ಆ ಭಾನುವಾರದ ನಂತರ ಮೊದಲ ಸಲ.

"ಐನೂರು," ಎಂದರು. "ಮೊಳೆ ನಿಂದು. ಶನಿವಾರ ಶನಿವಾರ ಕೈಗೆ ಬೀಳಬೇಕು."

"ಆಗ್ಲಿ."

"ಸ್ಪ್ರಿಂಗ್ ಎಲ್ಲಿಂದ ತರಿಸ್ತೀಯ?"

ಅವಳು ಒಂದು ಅಂಗಡಿಯ ಹೆಸರು ಹೇಳಿದಳು. ಅವನು ಮೋಸಗಾರ, ತೂಕಕ್ಕೆ ಹಳೇದು ಸೇರಿಸುತ್ತಾನೆ, ನಾಳೆ ನಾನೇ ಜೊತೆಗೆ ಬರುತ್ತೇನೆ ಎಂದರು ಮಾವ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಅಂಗಡಿಯಿಂದ ಗಾಡಿಯಲ್ಲಿ ಬಂದಿದ್ದ ಪೆಟ್ಟಿಗೆ ತೆರೆದು ಸುತ್ತಿಗೆ ತೆಗೆದರು, ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡರು. ಹೊಟ್ಟೆಪಟ್ಟಿಯ ಒಂದು ತುದಿಗೆ ನಾಲ್ಕು ಮೊಳೆ ಹೊಡೆದು, ಇನ್ನೊಂದು ತುದಿಯನ್ನು ಸೊಸೆಯ ಕಡೆ ಎಸೆದು, ಹಿಡಿ ಎಂದು ಕಣ್ಣಿನಲ್ಲೇ ಹೇಳಿದರು. ಅವಳು ಮಿಷನ್ ಬಿಟ್ಟು ಎದ್ದು, ಚೌಕಟ್ಟಿಗೆ ಕಾಲು ಕೊಟ್ಟು ಎಳೆದು ಹಿಡಿದಳು. ಮಾವ ಪಟ್ಟಿಯ ನಡುವೆ ಬೆರಳಿಂದ ಮೀಟಿ ನೋಡಿದರು. ಸದ್ದು ಅವರಿಗೆ ಸರಿ ಬರಲಿಲ್ಲ. ಮೊಳೆಗಳ ನಡುವಿನಿಂದ, ಕೆಲಸ ಕಲಿಯಲು ಬಂದವರಿಗೆ ಹೇಳುವ ದನಿಯಲ್ಲಿ ಹೇಳಿದರು.

"ಇನ್ನೂ ಬಿಗಿ. ಹೀಗೆ ಸಡಿಲ ಹಿಡಿದ್ರೆ ಒಂದು ವರ್ಷಾನೂ ಬಾಳೋಲ್ಲ."

ಅವಳು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಎಳೆದಳು.